ಅಂಗೈಯ ಗಾಯ

ಅವನ ಬಲ ಅಂಗೈಯಲ್ಲಿ, ಹೆಬ್ಬೆರಳಿನ ಬುಡಕ್ಕೆ, ಭತ್ತದ ಕಾಳಿನಷ್ಟು ಉದ್ದದ ಗಾಯವಿತ್ತು. ಅಕ್ಕನ ಹಸಿರು ಬಳೆಯ ಚೂರು ಹೊಕ್ಕದ್ದು.

ಅವನು ಅಕ್ಕನ ಗಂಡ. ಎಪ್ಪತ್ತರ ದಶಕದ ಕೊನೆಯಲ್ಲಿ, ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಹಾನಗಲ್ಲಿನ ಮನೆಗೆ ಮರಳಿದ್ದ ವರ್ಷ, ಅಕ್ಕ ಮುರಿದ ಮುಂಗೈಗೆ ಪಟ್ಟಿ ಕಟ್ಟಿಸಿಕೊಂಡು ತಿಳವಳ್ಳಿಯಿಂದ ಬಂದಿದ್ದಳು. ವಾರ ಕಳೆಯುವುದರೊಳಗೆ ಅವನು ಕರೆದೊಯ್ಯಲು ಬಂದ.

ಅವ್ವ ಕಾಲಿಗೆ ನೀರು ಕೊಟ್ಟಳು. ಅವನು ಪಡಸಾಲೆಯಲ್ಲಿ ಕುಳಿತು ಅಪ್ಪನ ಮುಂದೆ ಅಂಗೈ ಚಾಚಿದ.

"ನೋಡ್ರಿ ಮಾವಾರ, ನನಗೂ ಹತ್ತೈತಿ. ನಾ ಹೊಡದಿಲ್ರಿ. ಕೈ ಹಿಡದಿದ್ದೆ, ಕೊಸರಿಕೊಂಡ್ಲು. ಸುಮ್ಮ ನಿಂತಿದ್ರ ಏನೂ ಆಗ್ತಿದ್ದಿಲ್ಲ."

"ಬರೇ ಹಿಡದ್ರ ಎಲುವು ಮುರಿತೈತೇನ್ರಿ?" ಎಂದೆ.

"ಕಲತಾಕಿ ನೋಡ್ರಿ, ಫೌಜದಾರನಂಗ ಕೇಳ್ತಾಳ" ಎಂದು ನಕ್ಕ. ಆಮೇಲೆ ನಗು ಬಿಟ್ಟ. "ಹೊಡಿಯಾವ್ರು ಬ್ಯಾರೆ ಇರ್ತಾರ. ಕುಡದು ಬಂದು ಬಡಿಯಾವ್ರನ್ನ ನಮ್ಮ ಓಣ್ಯಾಗ ನೋಡೇನಿ. ನಾ ಅಂಥಾವ ಅಲ್ಲ. ಸಿಟ್ಟು ತರಿಸಿದ್ದು ಯಾರು ಅಂತ ಆಕಿನ್ನ ಕೇಳ್ರಿ."

ಅವನು ಸುಳ್ಳು ಹೇಳುತ್ತಿದ್ದರೆ ನನಗೆ ಸುಲಭವಿತ್ತು. ಅವನ ಕಣ್ಣುಗಳು ತೇವವಾಗಿದ್ದವು. ತನಗೇ ಅನ್ಯಾಯವಾಗಿದೆ ಎಂದು ನಂಬಿದ್ದ.

ಅವ್ವ ಅರಿಷಿಣ ತಂದು ಅಳಿಯನ ಅಂಗೈಗೆ ಒತ್ತಿದಳು. "ಭಾಳ ಉರಿತೈತೇನ್ರಿ?" ಎಂದಳು. ಅಕ್ಕನನ್ನು ಹಾಗೆ ಕೇಳಿದ್ದು ನನಗೆ ನೆನಪಿಲ್ಲ.

"ಮುಂಜಾನೆ ಉಡಿ ತುಂಬಿ ಕಳಸ್ತೇವಿ" ಎಂದರು ಅಪ್ಪ.

ಉಡಿ ತುಂಬದೆ ಮಗಳನ್ನು ಹೊಸ್ತಿಲು ದಾಟಿಸುವುದು ಅವ್ವನಿಂದ ಆಗದ ಕೆಲಸ. ಸಂಜೆಯೇ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಕುಬಸದ ಹೊಸ ಖಣ ತೆಗೆದಿಟ್ಟಳು. ಅದನ್ನು ನೋಡಿ ಅಕ್ಕ ನನಗೆ, "ನಾ ಒಲ್ಲೆ. ನೀನರ ಹೇಳ" ಎಂದಳು.

ಹೇಳಿದೆ.

"ಕೈ ಬ್ಯಾನಿ ಎಲ್ಲಿದ್ರೂ ಅಷ್ಟ" ಎಂದರು ಅಪ್ಪ.

ಮರುದಿನ ಮುಂಜಾನೆ ಎಲ್ಲರಿಗಿಂತ ಮೊದಲು ಎದ್ದೆ. ಮೊರದ ಅಕ್ಕಿಯನ್ನು ತೊಳೆದು ಒಲೆಯ ಮೇಲಿಟ್ಟೆ. ಕಾಯಿ ಒಡೆದು ಚಟ್ನಿಗೆ ತುರಿದೆ. ಖಣವನ್ನು ಉದ್ದಕ್ಕೆ ಹರಿದು ಗಂಟು ಹಾಕಿ, ಅಕ್ಕನ ಕೊರಳಿಗೆ ಜೋಲಿ ಕಟ್ಟಿ, ಮುರಿದ ಕೈಯನ್ನು ಅದರಲ್ಲಿ ಇರಿಸಿದೆ. ನಂತರ ಅವನ ಮುಂದೆ ಅನ್ನದ ತಾಟು ಇಟ್ಟು, ಒಬ್ಬನೇ ಹೋಗಲು ತಿಳವಳ್ಳಿ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಹೇಳಿದೆ.