ಕನ್ನಡಕದಕ್ಕನ ಗಂಡನಿಗೆ ಹನ್ನೆರಡು ವರ್ಷ

ಬಂದೂಕು ಸಿಡಿದದ್ದು 2010ನೆಯ ಇಸವಿ ಆಗಸ್ಟ್ 8, ಭಾನುವಾರ ಬೆಳಿಗ್ಗೆ. ಪತ್ರಿಕೆಯವರು ಒಂಬತ್ತನೆಯ ತಾರೀಖು ಎಂದು ಬರೆದರು, ಅದು ತಪ್ಪು. ಆ ಮನೆಯ ಕೆಳಗಿನ ಅಂತಸ್ತಿನಲ್ಲಿ ವಾಸವಾಗಿದ್ದವನು ನಾನು, ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿ ಸಹಿ ಮಾಡಿದವನೂ ನಾನೇ. ತಾರೀಖಿನಲ್ಲಿ ಎಡವಿದ ಸುದ್ದಿ ಮುಂದೆಯೂ ಎಡವುತ್ತಲೇ ಹೋಗಿ, ಹೆಂಡತಿಯ ನಡತೆ ನೆಟ್ಟಗಿಲ್ಲದ್ದರಿಂದ ಗಂಡ ಗುಂಡು ಹಾರಿಸಿದನೆಂಬಲ್ಲಿಗೆ ಮುಟ್ಟಿತು. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಹೇಳಬೇಕಾಗಿದೆ.

ಬೀದಿಯವರೆಲ್ಲ ಆಕೆಯನ್ನು ಕನ್ನಡಕದಕ್ಕ ಎಂದೇ ಕರೆಯುತ್ತಿದ್ದರು. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಆಕೆ ಸೋದರಮಾವನ ಕೈಕೆಳಗೆ ಗಾಜು ಉಜ್ಜುವುದನ್ನು ಕಲಿತು, 1994ರ ಫೆಬ್ರವರಿಯಲ್ಲಿ ಪೇಟೆಯ ಕನ್ನಡಕದಂಗಡಿಗೆ ಸೇರಿದಳು. ವೈದ್ಯರು ಬರೆದುಕೊಟ್ಟ ನಂಬರಿನ ಗಾಜು ಎಷ್ಟೇ ಒಳ್ಳೆಯದಾಗಿದ್ದರೂ, ಅದರ ನಡುಬಿಂದು ಗಿರಾಕಿಯ ಕಣ್ಣಪಾಪೆಯ ನೇರಕ್ಕೆ ಬಾರದಿದ್ದರೆ ತಲೆನೋವು ತಪ್ಪುವುದಿಲ್ಲ. ಆ ನೇರವನ್ನು ಹಿಡಿಯುವುದೇ ಆಕೆಯ ಕೆಲಸ. ಗಿರಾಕಿಗೆ ಮುಖ ಕೊಟ್ಟು ಮೊಳದಂತರದಲ್ಲಿ ಕುಳಿತು, ಅವರ ಮೂಗಿನ ಮೇಲೆ ಸಣ್ಣ ಅಳತೆಪಟ್ಟಿ ಹಿಡಿದು, ತನ್ನ ಬಲಗಣ್ಣನ್ನು ಮುಚ್ಚಿ, 'ನನ್ನ ಎಡಗಣ್ಣನ್ನೇ ನೋಡಿ' ಎನ್ನುವಳು, ಒಂದು ಗುರುತು. ಬಳಿಕ ಎಡಗಣ್ಣನ್ನು ಮುಚ್ಚಿ ಬಲಗಣ್ಣನ್ನು ನೋಡಿಸುವಳು, ಇನ್ನೊಂದು ಗುರುತು. ಎರಡು ಕಣ್ಣೂ ತೆರೆದು ಅಳೆದರೆ ಗುರುತು ಓರೆಯಾಗುತ್ತದೆಂದು ಸೋದರಮಾವ ಕಿವಿ ಹಿಂಡಿ ಕಲಿಸಿದ ಪಾಠ ಅದು.

ಅಂಗಡಿಯ ಮುಂಭಾಗವೆಲ್ಲ ಗಾಜು. ರಸ್ತೆಯಾಚೆ ನೇರ ಎದುರಿಗೆ ಬ್ಯಾಂಕು. ಅದರ ಬಾಗಿಲಲ್ಲಿ ಜೋಡುನಳಿಗೆಯ ಬಂದೂಕು ಹಿಡಿದು ನಿಂತಿರುತ್ತಿದ್ದ ಕಾವಲುಗಾರನೇ ಆಕೆಯ ಗಂಡ. ಆ ಗಾಜಿನೊಳಗೆ ಆಕೆಯನ್ನು ಕಂಡು ಮೆಚ್ಚಿಯೇ ಆತ ಹೆಣ್ಣು ಕೇಳಿಸಿದ್ದು, 1999ರ ಮೇ 21ರಂದು ಮದುವೆಯಾದದ್ದು. ಯಾವ ನೋಟಕ್ಕೆ ಮನಸೋತನೋ ಅದೇ ನೋಟ ಬಂದ ಗಿರಾಕಿಗಳಿಗೆಲ್ಲ ಸಲ್ಲುತ್ತಿದೆಯೆಂಬ ಸಂಗತಿ ಮದುವೆಯಾದ ಮೇಲೆ ಆತನ ಹೊಟ್ಟೆಯಲ್ಲಿ ಕೆಂಡವಾಯಿತು. ಕಳ್ಳರನ್ನು ಕಾಯಬೇಕಾದವನು ದಿನವಿಡೀ ಹೆಂಡತಿಯನ್ನು ಕಾದ. ರಸ್ತೆಯಾಚೆಯಿಂದ ಅಳತೆಪಟ್ಟಿ ಕಾಣಿಸದು. ಹೆಂಗಸೊಬ್ಬಳು ಪರಗಂಡಸಿನ ಮುಖ ಹಿಡಿದು ಒಂದೊಂದೇ ಕಣ್ಣು ಮಿಟುಕಿಸುವುದು ಮಾತ್ರ ಕಾಣಿಸುತ್ತದೆ. ಗುರಿ ಹಿಡಿಯಲು ತಾನೂ ಒಂದು ಕಣ್ಣು ಮುಚ್ಚಬೇಕೆಂದು ತರಬೇತಿಯಲ್ಲಿ ಕಲಿತವನಿಗೆ ಇಷ್ಟು ಹೊಳೆಯದೆ ಹೋದದ್ದು ನನಗೆ ಇಂದಿಗೂ ಸೋಜಿಗ.

ಹೊಟ್ಟೆಕಿಚ್ಚು ಆಕೆಗೂ ಇತ್ತೆನ್ನಬೇಕು. ಬಂದೂಕಿನ ಪರವಾನಗಿ ಆತನ ಹೆಸರಿನಲ್ಲಿದ್ದುದರಿಂದ ಅದು ಸಂಜೆ ಆತನೊಂದಿಗೇ ಮನೆಗೆ ಬರುತ್ತಿತ್ತು. ಭಾನುವಾರ ಬಂತೆಂದರೆ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಹೆಂಡತಿಯ ಅಂಗಡಿಯಿಂದ ಬಂದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಎಣ್ಣೆ ಹಚ್ಚಿ, ಮುದ್ದು ಮಾಡುವನು. 'ನನ್ನ ಸವತಿ ಸ್ನಾನ ಆಯ್ತೇನ್ರೀ? ನಂಗೊಂದು ದಿನ ಹೀಗೆ ಎಣ್ಣೆ ಹಚ್ಚಿದ್ರೆ ಕೈ ಸವೆದುಹೋಗ್ತಿತ್ತಾ?' ಎಂದು ಆಕೆ ಅಡುಗೆಮನೆಯಿಂದ ಕೇಳುವುದು ಮೆಟ್ಟಿಲಿಳಿದು ನಮ್ಮ ಮನೆಗೂ ಬರುತ್ತಿತ್ತು. ನನ್ನ ಹೆಂಡತಿ ನಕ್ಕು ನನ್ನ ಕಡೆ ನೋಡುವಳು. ನಾನು ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿಯುತ್ತಿದ್ದೆ.

ವರ್ಷಗಳು ಕಳೆದಂತೆ ಮೇಲಿನ ಮನೆಯ ಮಾತಿನಲ್ಲಿ ನಗು ಕಡಿಮೆಯಾಯಿತು. ವಯಲಿನ್ ಕಲಿಸುವ ಮೇಷ್ಟ್ರೊಬ್ಬರಿಗೆ ಒಂದು ಕಣ್ಣು ಕೊಂಚ ವಾರೆ. ಅವರ ಅಳತೆ ಒಂದೇ ಸಲಕ್ಕೆ ಹೊಂದದೆ ಅವರು ಅಂಗಡಿಗೆ ಮತ್ತೆ ಮತ್ತೆ ಬರಬೇಕಾಯಿತು. ಒಂದು ಸಂಜೆ ಊಟಕ್ಕೆ ಕುಳಿತಾಗ ಕಾವಲುಗಾರ ಕೇಳಿದನಂತೆ:

'ಇವತ್ತು ಯಾರ್ಯಾರಿಗೆ ಕಣ್ಣು ಹೊಡೆದೆ?'

'ಬಂದೋರಿಗೆಲ್ಲ. ಸಂಬಳ ಕೊಡೋದೇ ಅದಕ್ಕೆ.'

'ನನ್ನ ಮುಖ ಯಾವತ್ತಾದ್ರೂ ಅಷ್ಟು ಹೊತ್ತು ನೋಡಿದೀಯಾ?'

'ಬನ್ನಿ, ಅಂಗಡಿ ಕುರ್ಚೀಲಿ ಕೂತ್ಕೊಳ್ಳಿ, ನೋಡ್ತೀನಿ.'

ತನ್ನ ಕಣ್ಣಿಗೆ ಯಾವ ರೋಗವೂ ಬಂದಿಲ್ಲವೆಂದು ಆತ ತಟ್ಟೆ ಸರಿಸಿ ಎದ್ದನಂತೆ. ಆ ಕುರ್ಚಿಯಲ್ಲಿ ಆತ ಒಮ್ಮೆಯೂ ಕುಳಿತವನಲ್ಲ. ಎದುರು ಬಾಗಿಲಿನಿಂದ ನೋಡಿದ್ದೇ ಆತನಿಗೆ ಪ್ರಮಾಣವಾಗಿತ್ತು.

ಆಗಸ್ಟ್ 8ರ ಬೆಳಿಗ್ಗೆ ಮೇಷ್ಟ್ರ ಹೊಸ ಕನ್ನಡಕ ಮೂಗಿನಿಂದ ಜಾರತೊಡಗಿತು. ಅಂಗಡಿಗೆ ರಜೆ, ಸಂಜೆಗೆ ಅವರ ಸಂಗೀತ ಕಛೇರಿ. ಅವರು ವಿಳಾಸ ಕೇಳಿಕೊಂಡು ಮನೆಗೇ ಬಂದುಬಿಟ್ಟರು. ಆಕೆ ಅವರನ್ನು ಮೊಗಸಾಲೆಯಲ್ಲಿ ಕೂರಿಸಿ, ಕನ್ನಡಕ ತಿದ್ದಿ ಮುಖಕ್ಕಿಟ್ಟು, ನೇರ ನೋಡಲು ಅಭ್ಯಾಸದಂತೆ ಒಂದು ಕಣ್ಣು ಮುಚ್ಚಿದಳು. ಒಳಗೆ ಬಂದೂಕು ಒರೆಸುತ್ತಿದ್ದವನು ಅದನ್ನು ರಸ್ತೆಯಾಚೆಯಿಂದಲ್ಲ, ತನ್ನದೇ ಮನೆಯ ಹೊಸ್ತಿಲಿನಿಂದ ಕಂಡ. ಗುಂಡು ಆಕೆಯ ಬಲಭುಜವನ್ನು ಒಡೆಯಿತು. ಮೇಷ್ಟ್ರಿಗೆ ಏನೂ ಆಗಲಿಲ್ಲ; ಆದರೆ ಅವರು ಆ ಬೀದಿಗೆ ಮತ್ತೆ ಕಾಲಿಡಲಿಲ್ಲ.

ಆ ವರ್ಷದ ಜುಲೈ 1ರಿಂದ ಹೊಸ ಕಾನೂನು ಜಾರಿಗೆ ಬಂದಿತ್ತು: ತನ್ನ ಮನೆಯವರ ಮೇಲೆ ಬಂದೂಕು ಹಾರಿಸಿ ಗಾಯಗೊಳಿಸಿದವನಿಗೆ ಹನ್ನೆರಡು ವರ್ಷಕ್ಕೆ ಕಡಿಮೆಯಿಲ್ಲದ ಸೆರೆ, ತಗ್ಗಿಸುವ ಅಧಿಕಾರ ನ್ಯಾಯಾಧೀಶರಿಗೂ ಇಲ್ಲ. ಇದೇ ಕೃತ್ಯ ಜೂನ್ ತಿಂಗಳಲ್ಲಿ ನಡೆದಿದ್ದರೆ ಮೂರೋ ನಾಲ್ಕೋ ವರ್ಷಕ್ಕೆ ಮುಗಿಯುತ್ತಿತ್ತು. ಕಬ್ಬಿಣದ ಸಲಾಕೆಯಿಂದ ಅದೇ ಭುಜ ಮುರಿದಿದ್ದರೆ ಇನ್ನೂ ಬೇಗ. ತೀರ್ಪು ಬಂದದ್ದು 2011ರ ಮಾರ್ಚ್ 17, ಗುರುವಾರ: ಹನ್ನೆರಡು ವರ್ಷ. ಅದಕ್ಕೂ ಮುಂಚೆ, ಹೆಂಡತಿಯ ಮಾತು ಕೆಣಕುವಂಥದ್ದೆಂದು ವಾದಿಸಲು ಆತನ ವಕೀಲರು 'ಸಂಬಳ ಕೊಡೋದೇ ಅದಕ್ಕೆ' ಎಂಬುದನ್ನು ತುಂಬಿದ ಸಭಾಂಗಣದಲ್ಲಿ ಓದಿದರು. ಮನೆಯೊಳಗಿನ ಹಾಸ್ಯ ಕಟಕಟೆಯಲ್ಲಿ ಅಷ್ಟು ಹೊಲಸಾಗಿ ಕೇಳಿಸುತ್ತದೆಂದು ನಾನು ತಿಳಿದಿರಲಿಲ್ಲ.

ಆಕೆಯ ಬಲಗೈ ಮತ್ತೆ ಗಿರಾಕಿಯ ಮುಖದ ಮಟ್ಟಕ್ಕೆ ಏಳಲಿಲ್ಲ. ಅಂಗಡಿಯ ಯಜಮಾನರು ದೊಡ್ಡ ಮನಸ್ಸು ಮಾಡಿ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರದ ಮುಂದೆ ಕೂರಿಸಿದರು. ಆ ಕೋಣೆಗೆ ಕಿಟಕಿಯಿಲ್ಲ. ಮುಂಗಟ್ಟಿನಲ್ಲಿ ಹೊಸ ಹುಡುಗಿ ಅಳತೆ ತೆಗೆಯತೊಡಗಿದಳು. ಗಿರಾಕಿಗಳು ಅವಳನ್ನು ಹೊಗಳುವುದು ಒಳಗೆ ಕೇಳಿಸಿದಾಗ ತನಗೆ ಮೈಯೆಲ್ಲ ಉರಿಯುತ್ತದೆಂದೂ, ಆಗ ಗಂಡನ ಸಂಕಟ ಕೊಂಚ ಅರ್ಥವಾಗುತ್ತದೆಂದೂ ಆಕೆ ನನ್ನ ಹೆಂಡತಿಯ ಬಳಿ ಹೇಳಿದ್ದುಂಟು.

2013ರಲ್ಲಿ ಕಾನೂನು ಸಡಿಲವಾಯಿತು. ಗಾಯಗೊಂಡವರ ಮಾತು ಕೇಳಿ ಅವಧಿ ತಗ್ಗಿಸಲು ಮೇಲಿನ ನ್ಯಾಯಾಲಯಕ್ಕೆ ಅವಕಾಶ ದೊರೆಯಿತು. ಹೀಗೆ ಒಬ್ಬ ಮನುಷ್ಯನ ಏಳೆಂಟು ವರ್ಷ ಕನ್ನಡಕದಕ್ಕನ ನಾಲಿಗೆಯ ಮೇಲೆ ಬಂದು ಕುಳಿತಿತು. ಗಂಡನ ಅಕ್ಕ, ಅಂದರೆ ಆಕೆಯ ಅತ್ತಿಗೆ, ವಾರಕ್ಕೊಮ್ಮೆ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಕೊಂದವರೂ ಇಷ್ಟು ವರ್ಷ ಒಳಗಿರುವುದಿಲ್ಲ, ನೀನು ಉಸಿರಾಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದೀಯೆ ಎಂಬುದು ಅವರ ವಾದ. ಬರುಬರುತ್ತ ಅದು ಹರಿತವಾಯಿತು.

'ನಾಲ್ಕು ಗೋಡೆ ಮಧ್ಯೆ ಅವನು. ಪೇಟೇಲಿ ಓಡಾಡ್ಕೊಂಡು ನೀನು. ನಿನ್ನ ನೋಡಿದ್ರೆ ಹೊಟ್ಟೆ ಉರಿಯತ್ತೆ ಕಣೇ.'

'ನಂಗೂ ಗೋಡೆ ನಾಲ್ಕೇ ಇರೋದು, ಅತ್ತಿಗೆ,' ಎಂದಳು ಆಕೆ.

ಆದರೂ ಆಕೆಯ ಮನಸ್ಸು ತಗ್ಗಿಸುವ ಕಡೆಗೇ ವಾಲಿತ್ತು. ಓದುವ ಕನ್ನಡಕವನ್ನು ರಸ್ತೆಬದಿಯಲ್ಲಿ ರಾಶಿ ಹಾಕಿ ಮಾರುವಂತೆ ಎಲ್ಲರಿಗೂ ಒಂದೇ ಹನ್ನೆರಡು ಕೊಟ್ಟರೆ ಹೇಗೆ ಎಂದು ನನ್ನನ್ನೇ ಕೇಳಿದಳು. ಅಳತೆ ತೆಗೆಯದ ಶಿಕ್ಷೆ ನ್ಯಾಯವಲ್ಲವೆಂದೇ ನಾನೂ ಹೇಳಿದೆ. ಆದರೆ ಅಳೆಯುವವರು ಬರುವವರೆಗೆ ಎಷ್ಟು ಹೆಂಗಸರು ಜೀವಂತ ಉಳಿದಿರುತ್ತಾರೋ ಎಂಬ ಭಯದಿಂದಲೇ ಆ ಕಾನೂನು ಹುಟ್ಟಿತೆಂಬುದನ್ನೂ ಸೇರಿಸಿದೆ. ಕೊನೆಗೆ, ಗಂಡನನ್ನು ಒಮ್ಮೆ ನೋಡಿಯೇ ನಿರ್ಧರಿಸುವೆನೆಂದು ಆಕೆ ಸೆರೆಮನೆಗೆ ಹೋದಳು. ಭೇಟಿಯ ಕೋಣೆಯಲ್ಲಿ ಇಬ್ಬರ ನಡುವೆ ದಪ್ಪ ಗಾಜು. ಆತ ಬಡವಾಗಿದ್ದ, ಮೀಸೆ ಹೋಗಿತ್ತು. ಆಕೆಗೆ ಅಳು ಉಕ್ಕಿತು. ಆತ ಭುಜದ ವಿಷಯ ಕೇಳಲಿಲ್ಲ.

'ಈಗ ಅಳತೆ ಯಾರು ತಗೋತಾರೆ ಅಂಗಡೀಲಿ?'

'ಹೊಸ ಹುಡುಗಿ. ನಾನು ಹಿಂದಿನ ಕೋಣೇಲಿ ಗಾಜು ಉಜ್ತೀನಿ.'

'ಯಾರಿಗೂ ಕಾಣಿಸಲ್ವಾ?'

'ಇಲ್ಲ.'

'ಒಳ್ಳೇದಾಯ್ತು ಬಿಡು,' ಎಂದ ಆತನ ಮುಖದ ಗಂಟು ಸಡಿಲಗೊಂಡಿತಂತೆ. ಮದುವೆಯಾದ ಹೊಸತರಲ್ಲಿ ಕಂಡಿದ್ದ ನಗು ಅದು. ಆಕೆಯ ಅಳು ಅಲ್ಲಿಯೇ ನಿಂತಿತು.

ವಿಚಾರಣೆ 2014ರ ಜೂನ್ 23, ಸೋಮವಾರ. ನಾನು ಎರಡನೆಯ ಸಾಲಿನ ಬೆಂಚಿನಲ್ಲಿದ್ದೆ, ಅತ್ತಿಗೆ ಮೊದಲನೆಯದರಲ್ಲಿ. ಎಷ್ಟು ತಗ್ಗಿಸಿದರೆ ನಿಮಗೆ ಒಪ್ಪಿಗೆಯೆಂದು ನ್ಯಾಯಾಧೀಶರು ಕೇಳಿದರು.

'ಹನ್ನೆರಡು ಜಾಸ್ತಿ ಅಂತ ನಂಗೂ ಅನ್ಸತ್ತೆ, ಸ್ವಾಮಿ. ಎಷ್ಟು ಕಮ್ಮಿ ಅಂತ ನನ್ನ ಬಾಯಿಂದ ಹೇಳಿಸ್ಬೇಡಿ. ನಾನು ಹಿಂದಿನ ಕೋಣೇಲಿದೀನಿ ಅಂತ ಅವರಿಗೆ ಸಂತೋಷ ಆಗಿದೆ. ನಾಳೆ ಅವರನ್ನ ಬಿಟ್ಟು, ನಾನು ಮುಂದೆ ಬಂದು ಕೂತ್ರೆ, ಅವರು ಸುಮ್ನಿರ್ತಾರಾ? ಅದನ್ನ ಅವರನ್ನೇ ಕೇಳಿ.'

ಕೇಳಿದರು. ಆತ ತಲೆ ತಗ್ಗಿಸಿ ನಿಂತ. ಒಂದು ಸುಳ್ಳನ್ನಾದರೂ ಹೇಳಬಹುದಿತ್ತು, ಹೇಳಲಿಲ್ಲ. ಆ ಮಟ್ಟಿಗೆ ಆತ ಪ್ರಾಮಾಣಿಕ. ನ್ಯಾಯಾಲಯ ಹನ್ನೆರಡನ್ನು ಒಂಬತ್ತು ಮಾಡಿತು. ಒಂಬತ್ತೇ ಏಕೆಂಬುದಕ್ಕೆ ತೀರ್ಪಿನಲ್ಲಿ ಸಮಾಧಾನವಾಗುವ ಕಾರಣ ನನಗೆ ಸಿಗಲಿಲ್ಲ. ಅತ್ತಿಗೆ ಆಕೆಯನ್ನು ತಿರುಗಿಯೂ ನೋಡದೆ ಹೊರಟುಹೋದರು.

ಮರುದಿನ ಕನ್ನಡಕದಕ್ಕ ಯಜಮಾನರ ಮುಂದೆ ನಿಂತು ಮುಂಗಟ್ಟಿನ ಕುರ್ಚಿ ಕೇಳಿದಳು. ಎಡಗೈಯಲ್ಲಿ ಪಟ್ಟಿ ಹಿಡಿಯಲು ಅಭ್ಯಾಸ ಮಾಡಿದಳು; ಆರಂಭದಲ್ಲಿ ಮುಖ ಕೊಟ್ಟು ಕೂತವರಲ್ಲಿ ನಾನೂ ಒಬ್ಬ, ಆ ಕನ್ನಡಕ ಕೊಂಚ ಓರೆಯೇ. ಬ್ಯಾಂಕಿನ ಬಾಗಿಲಲ್ಲಿ ಈಗ ಬೇರೆ ಕಾವಲುಗಾರನಿದ್ದ. ಆತ ಬಹುಪಾಲು ತೂಕಡಿಸುತ್ತಿದ್ದ.

ಅತ್ತಿಗೆ ಅಂಗಡಿಗೆ ಬಂದದ್ದು ಮರುವರ್ಷದ ಜನವರಿಯಲ್ಲಿ, ಅಕ್ಷರ ಕಾಣದಾದ ಮೇಲೆ, ವೈದ್ಯರ ಚೀಟಿ ಹಿಡಿದು. ಬೇರೆ ಅಂಗಡಿಗಳಿರಲಿಲ್ಲವೆಂದಲ್ಲ. ನಾನು ಕನ್ನಡಕ ತಿದ್ದಿಸಲು ಅಲ್ಲಿಯೇ ಕುಳಿತಿದ್ದೆ. ಅವರು ರಸ್ತೆಯಾಚೆ, ಬ್ಯಾಂಕಿನ ಬಾಗಿಲ ಬಳಿ ಬಹಳ ಹೊತ್ತು ನಿಂತು ಇತ್ತ ನೋಡಿದರು. ಆಮೇಲೆ ದಾಟಿ ಬಂದು ಕುರ್ಚಿಯಲ್ಲಿ ಕೂತರು. ಕನ್ನಡಕದಕ್ಕ ಅವರ ಮೂಗಿನ ಮೇಲೆ ಪಟ್ಟಿಯಿಟ್ಟು, ಬಲಗಣ್ಣು ಮುಚ್ಚಿ ಗುರುತು ಹಾಕಿದಳು, ಎಡಗಣ್ಣು ಮುಚ್ಚಿದಳು.

'ಇಷ್ಟೇನಾ?' ಎಂದರು ಅತ್ತಿಗೆ. 'ಇಷ್ಟಕ್ಕೇನಾ?'

'ಗದ್ದ ಸ್ವಲ್ಪ ಮೇಲೆ, ಅತ್ತಿಗೆ. ಕಣ್ಣೀರು ಬಂದ್ರೆ ಪಾಪೆ ಸರಿಯಾಗಿ ಕಾಣಲ್ಲ,' ಎಂದಳು ಆಕೆ.