ರಸ್ತೆಗೆ ಕಾಣುವ ಮಗ್ಗುಲು

ಬೈಲಹೊಂಗಲದಲ್ಲಿ ಸವದತ್ತಿ ಬಸ್ಸು ಹತ್ತುವಾಗಲೇ ಕಂಡಕ್ಟರ್ ನಮ್ಮ ಗೋಣಿಚೀಲದ ಮೇಲೆ ಕಣ್ಣು ಹಾಕಿದ. ಒಳಗಿದ್ದದ್ದು ಹಿತ್ತಾಳೆಯ ಗಂಟೆ. ಸೋದರಮಾವ ಅದನ್ನು ಎರಕ ಹೊಯ್ಸಿ, ರಾಮದುರ್ಗದ ಆಚೆಯ ಒಂದು ಹಳ್ಳಿಯ ಚರ್ಚಿಗೆ ಕೊಡಲು ಹೊರಟಿದ್ದರು. ಆ ಹಳ್ಳಿ ಮಾವನ ಹೆಂಡತಿ ಎಸ್ತೇರತ್ತೆಯ ತವರು. ಅತ್ತೆ ತೀರಿಕೊಂಡು ವರ್ಷವಾಗಿತ್ತು, ಗಂಟೆ ಅವರ ನೆನಪಿಗೆ. ಮಾವನಿಗೆ ಸೊಂಟನೋವು, ಚೀಲದ ಇನ್ನೊಂದು ತುದಿ ಹಿಡಿಯಲು ನಾನು.

"ಲಗೇಜ್ ಆಕ್ಕೈತ್ರಿ ಅಜ್ಜಾರ," ಎಂದು ಕಂಡಕ್ಟರ್ ನನಗೆ ಹೆಣ್ಣುಮಕ್ಕಳ ಉಚಿತ ಟಿಕೆಟ್ ಕೊಟ್ಟ.

"ಈ ಗಂಟಿ ಮ್ಯಾಲೂ ಹೆಣ್ಮಗಳ ಹೆಸರ ಐತಿ. ಇದಕ್ಕೂ ಫ್ರೀ ಮಾಡಪಾ," ಎಂದರು ಮಾವ. ಸುತ್ತಲಿನವರೆಲ್ಲ ನಕ್ಕರು. ಕಂಡಕ್ಟರನೂ ನಕ್ಕ, ಲಗೇಜಿನ ದುಡ್ಡು ಮಾತ್ರ ಬಿಡಲಿಲ್ಲ.

ಹೆಸರಿನ ಮಾತು ಸುಳ್ಳಲ್ಲ. ಗಂಟೆಯ ಒಂದು ಮಗ್ಗುಲಿಗೆ "ದೇವರಿಗೆ ಮಹಿಮೆ" ಎಂದು ಸಣ್ಣಗೆ, ಇನ್ನೊಂದು ಮಗ್ಗುಲಿಗೆ "ಎಸ್ತೇರವ್ವ" ಎಂದು ದಪ್ಪಗೆ ಎರಕದಲ್ಲಿ ಮೂಡಿತ್ತು. ನಮ್ಮ ಕಡೆ ಇದೇನೂ ಹೊಸದಲ್ಲ. ಸೆಕೆಗೆ ಮುಖ ಮೇಲೆತ್ತಿದರೆ ಚರ್ಚಿನ ಪಂಖದ ರೆಕ್ಕೆಯ ಮೇಲೂ ಯಾರದೋ ಅಜ್ಜನ ಹೆಸರು ಗಿರಗಿರ ತಿರುಗುತ್ತಿರುತ್ತದೆ. ಆದರೆ ಆ ಹಳ್ಳಿಯ ಸಭೆಯ ಹಿರಿಯರು ಫೋನಿನಲ್ಲಿ ಒಂದು ಮಾತು ಹೇಳಿದ್ದರು: ಗಂಟೆ ತೂಗುವಾಗ ರಸ್ತೆಗೆ ದೇವರ ಮಹಿಮೆ ಕಾಣಲಿ, ಹೆಸರು ಗೋಡೆಯ ಕಡೆ ಇರಲಿ. ಮಾವ ಒಪ್ಪಿರಲಿಲ್ಲ. ಹೆಸರು ರಸ್ತೆಗೆ ಕಾಣದಿದ್ದರೆ ಗಂಟೆ ವಾಪಸ್ ತರುವುದೇ ಎಂದು ಪಟ್ಟು ಹಿಡಿದು ಬಸ್ಸು ಹತ್ತಿದ್ದರು. ಹೊರುವವಳು ನಾನಾದ್ದರಿಂದ ನನಗೂ ಅದರ ಚಿಂತೆ ಇತ್ತು.

ಸವದತ್ತಿಯಲ್ಲಿ ಬಸ್ಸು ಬದಲಿಸಿದೆವು. ಭಾರತ ಹುಣ್ಣಿಮೆ ಮುಗಿದಿದ್ದರೂ ಎಲ್ಲಮ್ಮನ ಗುಡ್ಡದ ಜಾತ್ರೆಯ ಜನ ಕರಗಿರಲಿಲ್ಲ. ಬಿಸಿಲು ಚುರುಕಾಗಿತ್ತು. ಮಿರ್ಚಿ ಭಜಿ, ಚಹಾ ಮುಗಿಸಿ ರಾಮದುರ್ಗದ ಬಸ್ಸು ಹತ್ತಿದರೆ ಪಕ್ಕದಲ್ಲಿ ಉಗರಗೋಳದ ಒಬ್ಬ ಮುದುಕಿ. ರಸ್ತೆಯ ತಗ್ಗಿಗೆ ಬಸ್ಸು ಎಗರಿದಾಗ ಚೀಲದೊಳಗೆ ಗಂಟೆ ಠಣ್ ಎಂದಿತು. ಆಕೆ ಕೈ ಮುಗಿದಳು.

"ಯಾವ ದೇವರ ಗಂಟಿ ಯಪ್ಪಾ?"

"ಯೇಸಪ್ಪಂದ ಯವ್ವಾ."

"ಯಾರದರೆ ಆಗವಲ್ದ್ಯಾಕ," ಎಂದು ಚೀಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಗೋಣಿಗೆ ಆಕೆಯ ಕೈಯಲ್ಲಿದ್ದ ಎಲ್ಲಮ್ಮನ ಭಂಡಾರದ ಅರಿಶಿನ ಹತ್ತಿತು. ಮಾವ ಅದನ್ನು ಒರೆಸಲಿಲ್ಲ.

ಆಕೆ ಮುಂದಿನ ಊರಲ್ಲಿ ಇಳಿದ ಮೇಲೆ ಮಾವ ತಾವಾಗಿಯೇ ಬಾಯಿಬಿಟ್ಟರು. ಅತ್ತೆಯ ಪ್ರಾರ್ಥನೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಮೊದಲು ಆತನ ಮಹಿಮೆ, ಆಮೇಲೆ ನಮ್ಮ ಬೇಡಿಕೆ ಎಂಬುದು ಅವರ ಕಟ್ಟುನಿಟ್ಟು. ಮೂಡಿದ ಹೊತ್ತಿಗೆ, ಬಂದ ನೀರಿಗೆ, ಹಾಲು ಕೊಟ್ಟ ಎಮ್ಮೆಗೆ ಸ್ತೋತ್ರ ಹೇಳಿ ಮುಗಿಸುವಷ್ಟರಲ್ಲಿ ಚಹಾದ ಮೇಲೆ ಕೆನೆ ಕಟ್ಟಿರುತ್ತಿತ್ತು. ಹಾಸಿಗೆ ಹಿಡಿದಾಗಲೂ ಅದೇ ಪದ್ಧತಿ. ಸ್ತೋತ್ರ ಹೇಳುತ್ತ ಹೇಳುತ್ತ ನಿದ್ದೆ ಹೋಗುತ್ತಿದ್ದರು.

"ಒಂದ ದಿನಾನೂ 'ನನ್ನ ಉಳಸಪ್ಪಾ' ಅನ್ನಲಿಲ್ಲ," ಎಂದರು ಮಾವ. "ನಾ ಬಾಜೂಕ ಕುಂತ ಕಾಯ್ತಿದ್ದೆ, ಈಗ ಬೇಡತಾಳ, ಈಗ ಬೇಡತಾಳ ಅಂತ. ನನ್ನ ಬಿಟ್ಟ ಹೋಗಾಕ ಆಕಿಗೇನೂ ಅನಸಲಿಲ್ಲೇನವಾ?"

ನನಗೆ ಪಾಪ ಅನ್ನಿಸಿತು. ಅತ್ತೆ ಹೋದಾಗಿನಿಂದ ಮಾವ ಪ್ರಾರ್ಥನೆಗೆ ತಲೆ ಬಗ್ಗಿಸುತ್ತಿದ್ದರು, ಬಾಯಿ ತೆರೆಯುತ್ತಿರಲಿಲ್ಲ. ಯಾಕೆಂದು ಅವತ್ತು ಗೊತ್ತಾಯಿತು.

ರಾಮದುರ್ಗದಿಂದ ಟಂಟಂ ಆಟೋ ಹಿಡಿದು ಹಳ್ಳಿ ಮುಟ್ಟಿದಾಗ ಮಧ್ಯಾಹ್ನ. ಚರ್ಚು ಒಂದೇ ಕೋಣೆಯದು; ಎದುರಿಗೆ ಬೇವಿನ ಗಿಡ, ಕಿಟಕಿಯಿದ್ದ ಗೋಡೆಗೆ ಹತ್ತಿಕೊಂಡು ಗಂಟೆಗಾಗಿ ನಿಲ್ಲಿಸಿದ ಕಬ್ಬಿಣದ ಕಂಬಗಳು. ರೊಟ್ಟಿ, ಪುಂಡಿಪಲ್ಯದ ಊಟ ಹಾಕಿಸಿದ ಹಿರಿಯರು ಯಾವ ಮಗ್ಗುಲೆಂಬ ಮಾತೇ ಎತ್ತಲಿಲ್ಲ. "ಕೊಟ್ಟಾವರ ಪ್ರಾರ್ಥನಿ ಮಾಡೂದು ನಮ್ಮ ಸಭಾದ ರೂಢಿ ಐತ್ರಿ. ನೀವ ಮಾಡ್ರಿ," ಎಂದಷ್ಟೇ ಹೇಳಿದರು.

ಮಾವ ನನ್ನ ಮುಖ ನೋಡಿದರು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಬಂದದ್ದು ಅತ್ತೆಯ ಮಾತುಗಳೇ. ಹೊತ್ತಿಗೆ ಸ್ತೋತ್ರ, ನೀರಿಗೆ ಸ್ತೋತ್ರ. ಆಮೇಲೆ ಅವರವೇ ಬಂದವು: ಈ ಊರಿಗೆ, ಇಲ್ಲಿಂದ ತಮ್ಮ ಮನೆಗೆ ಬಂದವಳಿಗೆ, ಆಕೆ ಮಾಡಿದ ಚಹಾಕ್ಕೆ, ಆರಿ ಹೋದ ಚಹಾಕ್ಕೂ. ದನಿ ಒಡೆಯಿತು, ಆದರೂ ನಿಲ್ಲಲಿಲ್ಲ. ಊರ ಹೆಂಗಸರು ಕಣ್ಣೊರೆಸಿಕೊಂಡರು. ಬಹಳ ಹೊತ್ತಿನ ಮೇಲೆ ಮಾವ "ಆಮೆನ್" ಎಂದರು.

ಗಂಟೆ ಎತ್ತುವಾಗ ಹೆಸರು ರಸ್ತೆಯ ಕಡೆಗೇ ಇತ್ತು. ಮಾವ ಮುಂದೆ ಹೋಗಿ ಅದನ್ನು ತಾವೇ ತಿರುಗಿಸಿದರು. "ಗ್ವಾಡಿ ಕಡೆ ಇರ್ಲಿ ತೊಗೋರಿ. ಸಣ್ಣಾಕಿದ್ದಾಗ ಆ ಕಿಟಕ್ಯಾಗ ಕುಂದರ್ತಿದ್ಲಂತ."

ಸಂಜೆ ಮತ್ತೆ ಟಂಟಂ. ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಗಂಟೆ ಹೊಳೆಯುತ್ತಿತ್ತು, ಸಣ್ಣ ಅಕ್ಷರ ಅಷ್ಟು ದೂರಕ್ಕೆ ಓದಲು ಬರಲಿಲ್ಲ. ಬರಿ ಗೋಣಿಚೀಲ ಮಾವನ ತೊಡೆಯ ಮೇಲೆ ಮಡಚಿಕೊಂಡಿತ್ತು.

"ಅಷ್ಟೊತ್ತ ಪ್ರಾರ್ಥನಿ ಮಾಡಿ ಏನೂ ಬೇಡಲೇ ಇಲ್ಲಲ್ಲ ಮಾವಾ?" ಎಂದೆ.

"ಬೇಡೂದಿತ್ತವಾ. ಆಕಿ ಸಲುವಾಗಿ ದೇವರ ಕೂಡ ಜಗಳಾನೂ ತಗೀಬೇಕಂತಿದ್ದೆ." ಅವರು ಚೀಲವನ್ನು ಇನ್ನೊಂದು ಸಲ ಮಡಚಿದರು. "ಸ್ತೋತ್ರನ ಮುಗೀಲಿಲ್ಲ ನೋಡು. ಆಕಿದೂ ಮುಗದಿರಲಿಕ್ಕಿಲ್ಲ."