ತೊಟ್ಟಿಗೆ ಐಸು ಹಾಕಿದ ಬೇಸಿಗೆ

ಕಲ್ಲು ಒಡೆಯುವ ಕ್ರಷರಿಗೂ ದವಡೆ ಇರುತ್ತದೆ. ಆ ದವಡೆಗೆ ಕೂಡಿಸುವ ದಪ್ಪ ಉಕ್ಕಿನ ಪ್ಲೇಟು ಎರಕ ಹೊಯ್ಯುವುದೇ ನಮ್ಮ ಕೆಲಸವಾಗಿತ್ತು. ಬಳ್ಳಾರಿ ಊರಾಚೆ ತಗಡಿನ ಶೆಡ್ಡು. ನಾನೂ ನನ್ನ ಸೋದರಮಾವನೂ ಸಿರುಗುಪ್ಪದಿಂದ ದಿನಾ ಬಸ್ಸಿಗೆ ಬರುತ್ತಿದ್ದೆವು. ಎರಕವಾದ ಪ್ಲೇಟನ್ನು ಮತ್ತೆ ಕೆಂಪಗೆ ಕಾಸಿ ಒಮ್ಮೆಲೇ ತಣ್ಣೀರಿನ ತೊಟ್ಟಿಗೆ ಇಳಿಸಬೇಕು. ನೀರು ಬಿಸಿಯಿದ್ದರೆ ಉಕ್ಕು ಪೆಡಸಾಗಿ, ಮುಂದೆ ಕಲ್ಲಿನ ಪೆಟ್ಟಿಗೆ ಗಾಜಿನಂತೆ ಒಡೆಯುತ್ತದೆ. ಇಳಿಸುವ ಕೆಲಸ ಮಾವನದು.

ಗಿರಾಕಿಗಳು ಒಬ್ಬೊಬ್ಬರೇ ಹೊರಗಿನಿಂದ ಬರುವ ತಯಾರು ಮಾಲಿನ ಕಡೆ ಹೋಗಿ, ಉಳಿದದ್ದು ಕುರುಗೋಡಿನ ಒಂದು ಕ್ರಷರ್. "ಈ ಪ್ಲೇಟು ತಡಕೊಂಡ್ರ ಅವ್ರು ನಮ್ಮ ಕೈ ಬಿಡಂಗಿಲ್ಲ. ಇಲ್ಲಂದ್ರ ಭಟ್ಟಿ ಆರಸೋದ," ಅಂದಿದ್ದರು ಶೆಡ್ಡಿನ ಸಾವ್ಕಾರರು.

ಅವತ್ತು ಬಿಸಿಲಿಗೆ ತೊಟ್ಟಿಯ ನೀರು ಜಳಕಕ್ಕೆ ಕಾಸಿದಂತಿತ್ತು. ತಣ್ಣೀರು ತರುವ ಟ್ಯಾಂಕರು ಬರಲಿಲ್ಲ. ಪ್ಲೇಟು ಭಟ್ಟಿಯೊಳಗೆ ಕೆಂಪಾಗಿ ಕೂತಿತ್ತು, ಕುರುಗೋಡಿನ ಲಾರಿ ಗೇಟಿಗೆ ಬಂದು ನಿಂತಿತ್ತು. ಸಾವ್ಕಾರರು ಆಟೋದಲ್ಲಿ ಐಸುಗಡ್ಡೆ ತರಿಸಿ ತೊಟ್ಟಿಗೆ ಹಾಕಿಸಿದರು.

"ಏನ್ರಿ ಸಾವ್ಕಾರ್ರ, ಮದಿವಿ ಮನ್ಯಾಗ ಶರಬತ್ತು ಮಾಡಾಕತ್ತೀವೇನು?" ಅಂದ ಮಾವ.

"ನಿನಗೂ ಒಂದು ಲೋಟ ಐತಿ, ಮೊದ್ಲು ಇಳಸು ಮಾರಾಯ."

ಎಲ್ಲರೂ ನಕ್ಕೆವು. ಮಾವ ನೀರಿಗೆ ಕೈ ಇಟ್ಟು ನೋಡಿ, "ತಂಪು ಐತ್ರಿ," ಅಂದ. ಪ್ಲೇಟು ಇಳಿದದ್ದೇ ತಡ, ನೀರು ಕೊತಕೊತ ಕುದಿಯಿತು, ಗಡ್ಡೆಗಳು ಕಾಣದಾದವು. ಮಾವನ ನಗು ನಿಂತಿತು. ಮೇಲೆತ್ತಿದಾಗ ಪ್ಲೇಟಿಗೆ ಒಂದು ಬಿರುಕೂ ಇರಲಿಲ್ಲ. ಲಾರಿ ಹೋಯಿತು.

ವಾರ ತುಂಬುವ ಮೊದಲೇ ಆ ಪ್ಲೇಟು ಕ್ರಷರಿನಲ್ಲಿ ಎರಡು ಹೋಳಾಯಿತು. ನಾನೂ ಮಾವನೂ ಕುರುಗೋಡಿಗೆ ಹೋದೆವು. "ಏನ್ ಕಾಕಾ, ಬಿಸ್ಕೀಟು ಕಳಿಸಿದ್ರೇನು?" ಅಂದ ಅಲ್ಲಿಯ ಮೇಸ್ತ್ರಿ. ಮಾವ ಮುರಿದ ಅಂಚಿನ ಮೇಲೆ ಬೆರಳಾಡಿಸಿದ. ವಾಪಸ್ ಬರುವಾಗ ಬಸ್ಸಿನಲ್ಲಿ ಅಂದ: "ಐಸು ತೇಲೋ ಕಡಿಗೇ ಕೈ ಇಟ್ಟೆ ನೋಡು. ಉಳದ ನೀರು ಮುಟ್ಟಿ ನೋಡಲೇ ಇಲ್ಲ."

ಭಟ್ಟಿ ಆರಿತು. ಬೇರೆ ಶೆಡ್ಡಿನವರು ಕರೆದರೂ ಮಾವ ಹೋಗಲಿಲ್ಲ.

ನಾನೀಗ ಬಳ್ಳಾರಿಯ ಒಂದು ಗೋದಾಮಿನಲ್ಲಿದ್ದೇನೆ. ಹೊರಗಿನಿಂದ ಬಂದ ತಯಾರು ಪ್ಲೇಟುಗಳನ್ನು ಅದೇ ಕ್ರಷರಿಗೆ ಮುಟ್ಟಿಸಿ ಬರುತ್ತೇನೆ. ಮನೆಗೆ ಬಂದರೆ ಮಾವ ಹಾಸಿಗೆಯಲ್ಲೇ ಕೇಳುತ್ತಾನೆ:

"ಕುರುಗೋಡಿಗೆ ಹೋಗಿದ್ದೇನು?"

"ಹೋಗಿದ್ದೆ, ಮಾವ."

"ಪ್ಲೇಟು ತಡಕೊಂಡಾವೇನು?"

"ತಡಕೊಂಡಾವ."

"ಚಲೋ ಆತು," ಅನ್ನುತ್ತಾನೆ, ಗೋಡೆಯ ಕಡೆ ಮಗ್ಗಲು ಬದಲಿಸುತ್ತಾನೆ.